ಬಿದ್ದವರನ್ನು ಕೂರಿಸಿಬಿಡಬೇಡಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮನೆಯ ಹಿರಿಯರು ಬೀಳುವ ವಿಚಾರವಾಗಿ ಮುಂಬಯಿ, ಪುಣೆ, ಗೋವೆಯಿಂದ ಬಂದ ಪತ್ರಗಳಲ್ಲಿ ಆಯ್ದವು ಇಲ್ಲಿವೆ. ಉತ್ತರಿಸಿದವರು ವೃದ್ಧರ ಆರೈಕೆಯಲ್ಲಿ ತೊಡಗಿರುವ ವೈದ್ಯರು ಮತ್ತು ಫಿಸಿಯೋಥೆರಪಿಸ್ಟರ ತಂಡ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ಅತ್ತೆಗೆ 76. ಮಳೆಗಾಲ ಶುರುವಾದ ಮೇಲೆ ಎರಡು ಸಲ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿದಿಲ್ಲ. ಆಮೇಲೆ ನಾವು ಅವರನ್ನು ಅಡಿಗೆಮನೆಗೂ ಬಿಡುತ್ತಿಲ್ಲ, ಟಿವಿ ಮುಂದೆ ಕೂರಿಸಿದ್ದೇವೆ. ಸಂಜೆ ಸೊಸೈಟಿ ಕಾಂಪೌಂಡಿನಲ್ಲಿ 15 ನಿಮಿಷ ನಡೆಸಿದರೆ ಸಾಕೇ? (ಡೊಂಬಿವಲಿ)

ಸಾಲದು. ಅದಕ್ಕಿಂತ ಮುಖ್ಯವಾಗಿ, ಕೂರಿಸಿರುವುದನ್ನು ಮೊದಲು ನಿಲ್ಲಿಸಿ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರನ್ನು ಹತ್ತೇ ದಿನ ಹಾಸಿಗೆಯಲ್ಲಿ ಇರಿಸಿದ್ದಕ್ಕೆ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡ ಕರಗಿಹೋಗಿತ್ತು. ನಿಮ್ಮ ಅತ್ತೆಯವರು ಹಾಸಿಗೆ ಹಿಡಿದಿಲ್ಲ, ಸರಿ. ಆದರೂ ಕೂತಷ್ಟು ದಿನ ತೊಡೆಯ ಬಲ ಇಳಿಯುತ್ತದೆ, ಬಲ ಇಳಿದಷ್ಟೂ ಬೀಳುವ ಭಯ ಏರುತ್ತದೆ, ಭಯಕ್ಕೆ ಇನ್ನಷ್ಟು ಕೂರುತ್ತಾರೆ.

ನಡಿಗೆ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು. ಆದರೆ ಸಮತಟ್ಟಾದ ಕಾಂಪೌಂಡಿನಲ್ಲಿ ಸೊಸೆಯ ಕೈ ಹಿಡಿದು ನೇರ ನಡೆಯುವಾಗ ದೇಹದ ಸಮತೋಲಕ್ಕೆ ಯಾವ ಪರೀಕ್ಷೆಯೂ ಇಲ್ಲ. ಮನುಷ್ಯ ಬೀಳುವುದು ತಿರುಗುವಾಗ, ಬಗ್ಗುವಾಗ, ಪಕ್ಕಕ್ಕೆ ಹೆಜ್ಜೆ ಇಡುವಾಗ, ಕೂತಲ್ಲಿಂದ ಏಳುವಾಗ. ಅಭ್ಯಾಸ ಬೇಕಾದದ್ದು ಅದಕ್ಕೇ. 108 ಪ್ರಯೋಗಗಳನ್ನು, 23 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಜಾಲ 2019ರಲ್ಲಿ ಪ್ರಕಟಿಸಿದ ವಿಮರ್ಶೆ ಹೇಳಿದ್ದೂ ಇದನ್ನೇ: ವ್ಯಾಯಾಮದಿಂದ ಬೀಳುವಿಕೆ ಸುಮಾರು ಶೇ. 23ರಷ್ಟು ಕಡಿಮೆಯಾಗುತ್ತದೆ, ಸಮತೋಲದ ಜೊತೆಗೆ ಬಲದ ವ್ಯಾಯಾಮ ಸೇರಿದರೆ ಇನ್ನೂ ಹೆಚ್ಚು. ಬರೀ ನಡಿಗೆಯಿಂದ ಅಂಥ ಲಾಭ ಆ ವಿಮರ್ಶೆಯಲ್ಲಿ ಸಿದ್ಧವಾಗಲಿಲ್ಲ.

ಮೊದಲು ಈಗ ಎಲ್ಲಿದ್ದಾರೆ ಎಂದು ಅಳೆಯಿರಿ. ಚಕ್ರವಿಲ್ಲದ, ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. 75ರಿಂದ 79ರ ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು ಎಂದು ಲೆಕ್ಕ. ಕೈ ಊರಿ ಎದ್ದರೆ ಸೊನ್ನೆ. ಇನ್ನೊಂದು ಪರೀಕ್ಷೆ: ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಸಾಲಾಗಿ ಇಟ್ಟು ಏನನ್ನೂ ಹಿಡಿಯದೆ ನಿಲ್ಲುವುದು. 10 ಸೆಕೆಂಡ್ ನಿಲ್ಲಲಾಗದಿದ್ದರೆ ಅಪಾಯ ಇದೆ. ನೀವು ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿರಿ.

ಮನೆಯಲ್ಲೇ ಮಾಡಬಹುದಾದ ಕ್ರಮಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕ್ರಮ. ಮೊದಲ ಪ್ರಯೋಗ 1997ರಲ್ಲಿ 80 ದಾಟಿದ ಹೆಂಗಸರ ಮೇಲೆ ಪ್ರಕಟವಾಯಿತು. ನಾಲ್ಕು ಪ್ರಯೋಗ ಸೇರಿಸಿ ನೋಡಿದಾಗ ಬೀಳುವುದು ಶೇ. 35ರಷ್ಟು ಇಳಿದಿತ್ತು. ವಾರಕ್ಕೆ ಮೂರು ದಿನ ಅರ್ಧ ಗಂಟೆ ವ್ಯಾಯಾಮ, ಜೊತೆಗೆ ವಾರಕ್ಕೆ ಎರಡು ದಿನ ನಡಿಗೆ. ಕುರ್ಚಿಯಲ್ಲಿ ಕೂತು ಮಂಡಿ ನೆಟ್ಟಗಾಗುವಂತೆ ಕಾಲು ಚಾಚುವುದು, ನಿಂತು ಮಂಡಿ ಹಿಂದಕ್ಕೆ ಮಡಿಸುವುದು, ಕಾಲನ್ನು ಪಕ್ಕಕ್ಕೆ ಎತ್ತುವುದು: ಈ ಮೂರಕ್ಕೆ ಕಣಕಾಲಿಗೆ ತೂಕದ ಪಟ್ಟಿ ಕಟ್ಟಬೇಕು. ಅರ್ಧ ಕಿಲೋದಿಂದ ಆರಂಭಿಸಿ. ಹತ್ತು ಸಲ ಮಾಡಿದ ಮೇಲೆ ಸುಸ್ತು ತಾಗುವಷ್ಟೇ ಸರಿಯಾದ ತೂಕ. ಎರಡು ಸುತ್ತು ಸುಲಭವಾದಾಗ ಇನ್ನರ್ಧ ಕಿಲೋ ಏರಿಸಿ. ಆಮೇಲೆ ಅಡಿಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕಾಲ್ಬೆರಳೆತ್ತುವುದು, ಪಕ್ಕಕ್ಕೆ ನಡೆಯುವುದು, ಹಿಂದಕ್ಕೆ ನಡೆಯುವುದು, ಇಂಗ್ಲಿಷ್ 8ರ ಆಕಾರದಲ್ಲಿ ತಿರುಗುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಕುರ್ಚಿಯಿಂದ ಏಳುವುದು.

ಇದು ಕೆಡುವುದು ಹೆಚ್ಚಾಗಿ ಒಂದೇ ಕಡೆ. ಕಟ್ಟೆಯನ್ನು ಎರಡೂ ಕೈಯಿಂದ ಬಿಗಿಹಿಡಿದು ತಿಂಗಳುಗಟ್ಟಲೆ ಅದೇ ಹಂತದಲ್ಲಿ ಉಳಿಯುತ್ತಾರೆ. ಎರಡು ಕೈ, ಒಂದು ಕೈ, ಎರಡು ಬೆರಳು, ಕೊನೆಗೆ ಕಟ್ಟೆಯ ಮೇಲೆ ತೇಲುವ ಕೈ, ಹೀಗೆ ಬಿಡುತ್ತಾ ಹೋಗಬೇಕು. ಸ್ವಲ್ಪ ತೂಗಾಡದಿದ್ದರೆ ಸಮತೋಲ ಕಲಿಯುವುದಿಲ್ಲ. ಮಾಂಸಖಂಡ ಒಂದೆರಡು ದಿನ ನೋಯುವುದು ಸಹಜ. ಎದೆನೋವು, ತಲೆಸುತ್ತು, ಕೀಲಿನೊಳಗೆ ಚುಚ್ಚುವ ನೋವು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಅಡಿಗೆಮನೆಯಿಂದ ಅವರನ್ನು ಹೊರಗಿಡಬೇಡಿ. ಮೇಲಿನ ಕಪಾಟಿನ ಡಬ್ಬಿಗಳನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಅಷ್ಟೇ.

ತಂದೆಯವರಿಗೆ 81. ಹಗಲು ಚೆನ್ನಾಗಿಯೇ ನಡೆಯುತ್ತಾರೆ. ರಾತ್ರಿ ಮೂತ್ರಕ್ಕೆ ಎದ್ದಾಗ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನಿದ್ದೆಗೆ ಒಂದು ಮಾತ್ರೆ ಇವೆ. (ಮಾಟುಂಗ)

ಉತ್ತರದ ಮುಕ್ಕಾಲು ಪಾಲು ನಿಮ್ಮ ಪ್ರಶ್ನೆಯಲ್ಲೇ ಇದೆ. ಮಲಗಿದವರು ಎದ್ದಾಗ ರಕ್ತ ಕಾಲಿಗೆ ಇಳಿಯುತ್ತದೆ. ಎಳೆಯರಲ್ಲಿ ರಕ್ತನಾಳ ತಕ್ಷಣ ಬಿಗಿದು ಬಿಪಿ ಕಾಯ್ದುಕೊಳ್ಳುತ್ತದೆ. ವಯಸ್ಸಾದವರಲ್ಲಿ ಅದು ನಿಧಾನ. ಟ್ಯಾಮ್ಸುಲೋಸಿನ್‌ನಂಥ ಪ್ರಾಸ್ಟೇಟ್ ಮಾತ್ರೆಗಳು ಮೂತ್ರದ ದಾರಿಯನ್ನು ಸಡಿಲಿಸುವ ಜೊತೆಗೆ ರಕ್ತನಾಳವನ್ನೂ ಸಡಿಲಿಸಬಲ್ಲವು. ಅದರ ಮೇಲೆ ಬಿಪಿ ಮಾತ್ರೆ, ಅದರ ಮೇಲೆ ನಿದ್ದೆಯ ಮಂಪರು.

ಮನೆಯ ಬಿಪಿ ಮಶೀನಿನಲ್ಲೇ ಅಳೆಯಬಹುದು. ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ. ಎದ್ದು ನಿಲ್ಲಿಸಿ, ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಇದೇ ಕಾರಣವಿರಬಹುದು. ಕೂರಿಸಿ ಅಳೆದು ಎಲ್ಲ ಸರಿಯಿದೆ ಎನ್ನುವುದೇ ಹೆಚ್ಚಿನ ಕಡೆ ಆಗುವ ತಪ್ಪು. ಬೆಳಿಗ್ಗೆ ಎದ್ದ ಕೂಡಲೇ ಅಳೆದರೆ ಇಳಿತ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ. ಮೂರು ದಿನದ ಅಂಕಿ ಚೀಟಿಯಲ್ಲಿ ಬರೆದು, ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಬಳಿ ಹೋಗಿ. ಆಯುರ್ವೇದದ್ದು, ನೆಗಡಿಗೆ ಅಂಗಡಿಯಿಂದ ತಂದದ್ದು ಕೂಡ ಆ ಚೀಲದಲ್ಲಿರಲಿ.

ನಿದ್ದೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ಬಗೆಯವು ಥಟ್ಟನೆ ನಿಂತರೆ ನಡುಕ, ನಿದ್ರಾಹೀನತೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರು ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ. 1999ರ ನ್ಯೂಜಿಲೆಂಡ್ ಪ್ರಯೋಗವೊಂದರಲ್ಲಿ ಇಂಥ ಮಾತ್ರೆಗಳನ್ನು 14 ವಾರದಲ್ಲಿ ನಿಧಾನವಾಗಿ ಬಿಡಿಸಿದಾಗ ಬೀಳುವುದು ಶೇ. 66ರಷ್ಟು ಇಳಿಯಿತು. ಮೇಲೆ ಹೇಳಿದ ವ್ಯಾಯಾಮಗಳ ಲಾಭಕ್ಕಿಂತ ಇದು ಹೆಚ್ಚು. ಆದರೆ ಪ್ರಯೋಗ ಮುಗಿದ ಒಂದೇ ತಿಂಗಳಲ್ಲಿ ಬಿಟ್ಟವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಮತ್ತೆ ಮಾತ್ರೆಗೆ ಮರಳಿದರು ಎಂಬುದನ್ನೂ ಹೇಳಬೇಕು. ಕಷ್ಟದ ಕೆಲಸ ಅದು.

ಅಲ್ಲಿಯವರೆಗೆ: ಎದ್ದ ಕೂಡಲೇ ನಿಲ್ಲದೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರಲಿ, ಕೂತಲ್ಲೇ ಪಾದವನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಲಿ. ಮಂಚದ ಪಕ್ಕ ಯೂರಿನಲ್ ಪಾಟ್ ಇಡಿ. ಬೇಡವೆನ್ನುತ್ತಾರೆ, ಸಂಕೋಚ. ರಾತ್ರಿ ಮಾತ್ರ ಎಂದು ಒಪ್ಪಿಸಿ. ಮಂಚದಿಂದ ಬಚ್ಚಲುಮನೆಯವರೆಗೆ ನೆಲದ ಹತ್ತಿರ ಸಣ್ಣ ನೈಟ್‌ಲ್ಯಾಂಪ್ ಉರಿಯುತ್ತಿರಲಿ. ಸೊಳ್ಳೆಪರದೆಯ ಅಂಚು ಕಾಲಿಗೆ ಸುತ್ತಿಕೊಂಡು ಬೀಳುವವರು ಕಡಿಮೆಯಿಲ್ಲ. ಏಳುವ ಬದಿಯ ಪರದೆಯನ್ನು ಹಾಸಿಗೆಯಡಿ ಸಿಕ್ಕಿಸದೆ ಮಡಿಚಿ ಮೇಲೆ ಹಾಕಲು ಬರುವಂತಿರಲಿ. ಪಂಚೆ ಕಣಕಾಲಿಗಿಂತ ಮೇಲಿರಲಿ.

ಫ್ಲ್ಯಾಟಿನ ಬಚ್ಚಲು ರಿಪೇರಿ ಮಾಡಿಸುತ್ತಿದ್ದೇವೆ. ಅಮ್ಮನಿಗಾಗಿ ಏನೇನು ಹಾಕಿಸಬೇಕು? ಪ್ಲಂಬರ್ ಟವೆಲ್ ರಾಡ್ ಸಾಕು ಎನ್ನುತ್ತಾನೆ. (ಕೊಥ್ರೂಡ್, ಪುಣೆ)

ಟವೆಲ್ ರಾಡ್ ಟವೆಲಿಗೆ. ಬೀಳುವ ಮನುಷ್ಯ ಹಿಡಿದರೆ ಅದು ಗೋಡೆಯ ಟೈಲಿನ ಸಮೇತ ಕಿತ್ತು ಬರುತ್ತದೆ. ಗಾಳಿ ಹೀರಿ ಅಂಟಿಕೊಳ್ಳುವ ಹಿಡಿಕೆಗಳೂ ಬೇಡ. ಟೈಲಿನ ಸಂದಿ, ಸೋಪಿನ ತೇವ ಸಿಕ್ಕರೆ ಯಾವಾಗ ಬಿಡುತ್ತವೆಂದು ಹೇಳಲಾಗದು.

ಬೇಕಾದದ್ದು ಸ್ಟೀಲಿನ ಗ್ರ್ಯಾಬ್ ಬಾರ್. ದಪ್ಪ 32ರಿಂದ 38 ಮಿ.ಮೀ., ಗೋಡೆಯಿಂದ 40 ಮಿ.ಮೀ.ಯಷ್ಟು ಅಂತರ. ಅಂತರ ತೀರಾ ಹೆಚ್ಚಾದರೆ ಮೊಣಕೈ ಒಳಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಮೇಲ್ಮೈ ಕನ್ನಡಿಯಂತೆ ಹೊಳೆಯುವುದಲ್ಲ, ಒರಟಾಗಿರಬೇಕು. ಕಮೋಡಿನ ಪಕ್ಕದ್ದು ಸೀಟಿನಿಂದ 20ರಿಂದ 30 ಸೆಂ.ಮೀ. ಮೇಲೆ ಅಡ್ಡಕ್ಕೆ. ಸ್ನಾನದ ಜಾಗದ ಪ್ರವೇಶದಲ್ಲಿ ಒಂದು ನೆಟ್ಟಗೆ, ಮೇಲಿಂದ ಕೆಳಕ್ಕೆ. ಅಳತೆ ಪುಸ್ತಕದ್ದಾಯಿತು. ಕೊರೆಯುವ ಮೊದಲು ಅಮ್ಮನನ್ನು ಕಮೋಡಿನ ಮೇಲೆ ಕೂರಿಸಿ, ಏಳುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ನೋಡಿ, ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ.

ಗೋಡೆ ಯಾವುದು ಎಂಬುದು ಬಾರಿಗಿಂತ ದೊಡ್ಡ ಪ್ರಶ್ನೆ. ಹಳೆಯ ಕಟ್ಟಡದ ಇಟ್ಟಿಗೆ ಗೋಡೆಗೆ ಒಳ್ಳೆಯ ಆ್ಯಂಕರ್ ಬೋಲ್ಟ್ ಸಾಕು. ಈಚಿನ ಟವರುಗಳಲ್ಲಿ ಬಳಸುವ ಹಗುರ ಎಎಸಿ ಬ್ಲಾಕಿನಲ್ಲಿ (ಒಳಗೆ ಗಾಳಿಗುಳ್ಳೆಗಳಿರುವ ಸಿಮೆಂಟ್ ಇಟ್ಟಿಗೆ) ಅದೇ ಬೋಲ್ಟ್ ಪುಡಿ ಉದುರಿಸಿಕೊಂಡು ಸಡಿಲಾಗುತ್ತದೆ. ಅಲ್ಲಿ ರಂಧ್ರಕ್ಕೆ ಗಟ್ಟಿಯಾಗುವ ಅಂಟು ತುಂಬಿ ಕೂರಿಸುವ ರಾಸಾಯನಿಕ ಆ್ಯಂಕರ್ ಅಥವಾ ಗೋಡೆಯ ಆಚೆ ಪ್ಲೇಟ್ ಕೊಟ್ಟು ಆರಪಾರ ಬೋಲ್ಟ್ ಬೇಕು. ರಂಧ್ರದ ಸುತ್ತ ಸಿಲಿಕೋನ್ ತುಂಬಿಸದಿದ್ದರೆ ನೀರು ಸೋರಿ ಕೆಳಗಿನ ಮನೆಯವರು ಜಗಳಕ್ಕೆ ಮೇಲೆ ಬರುತ್ತಾರೆ. ಹಾಕಿದ ಮೇಲೆ ನೀವೇ ಪೂರ್ತಿ ಭಾರ ಹಾಕಿ ಜಗ್ಗಿ ನೋಡಿ.

ಕಮೋಡಿನ ಸೀಟು 45ರಿಂದ 48 ಸೆಂ.ಮೀ. ಎತ್ತರವಿರಲಿ. ಈಗಿರುವುದು ತಗ್ಗಾಗಿದ್ದರೆ ಮೇಲೆ ಕೂರಿಸುವ ಎತ್ತರದ ಸೀಟು ಸಿಗುತ್ತದೆ, ಹೊಸ ಕಮೋಡ್ ಬೇಕಿಲ್ಲ. ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲ್ ಬೇಡ, ಒದ್ದೆ ಟೈಲಿನ ಮೇಲೆ ಅದರ ಕಾಲು ಅಗಲಿಸಿಕೊಳ್ಳುತ್ತದೆ. ರಬ್ಬರ್ ಬುಶ್ ಇರುವ ಅಲ್ಯುಮಿನಿಯಂ ಕುರ್ಚಿ ತನ್ನಿ. ಬಚ್ಚಲ ಬಾಗಿಲಲ್ಲಿ ನೀರು ತಡೆಯಲು ಹಾಕುವ ಎರಡು ಇಂಚಿನ ಗ್ರಾನೈಟ್ ಪಟ್ಟಿಯನ್ನು ತೆಗೆಸಿ, ಒಳಗಿನ ಇಳಿಜಾರನ್ನು ಸರಿಮಾಡಿಸಿ. ತೆಗೆಯಲಾಗದಿದ್ದರೆ ಎದ್ದುಕಾಣುವ ಬಣ್ಣದ ಪಟ್ಟಿ ಅಂಟಿಸಿ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡವಾಗಿ ಮಲಗಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಒಡೆಯಬೇಕಾಗುತ್ತದೆ. ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂಥದ್ದಿರಲಿ.

ನೆಲಕ್ಕೆ ಮ್ಯಾಟ್ ಫಿನಿಶ್ ಟೈಲ್. ಹಿಂದಿನವರು ಹಾಕಿಸುತ್ತಿದ್ದ ಒರಟು ಶಹಾಬಾದ್ ಕಲ್ಲು ಈ ವಿಷಯದಲ್ಲಿ ಇಂದಿನ ಹೊಳೆಯುವ ಟೈಲಿಗಿಂತ ಎಷ್ಟೋ ವಾಸಿ. ಪಾಚಿ ಕಟ್ಟಲು ಬಿಡಬಾರದು, ಅಷ್ಟೇ. ದೀಪಾವಳಿಯ ಎಣ್ಣೆಸ್ನಾನದ ದಿನ ಎಣ್ಣೆಯನ್ನು ಬಚ್ಚಲಲ್ಲಿ ಹಚ್ಚಬೇಡಿ. ಹೊರಗೆ ಕೂರಿಸಿ ಹಚ್ಚಿ, ಅಂಗಾಲು ಒರೆಸಿ, ಆಮೇಲೆ ಒಳಗೆ ಕರೆದೊಯ್ಯಿರಿ.

ವಿಟಮಿನ್ ಡಿ ಪುಡಿಯ ಪೊಟ್ಟಣ ತಿಂಗಳಿಗೊಂದು ಹಾಲಿನಲ್ಲಿ ಕೊಟ್ಟರೆ ಬೀಳುವುದು ನಿಲ್ಲುತ್ತದೆಯೇ? (ಮಡಗಾಂವ್)

ಇಲ್ಲ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡು ವೈದ್ಯರು ಬರೆದಿದ್ದರೆ ತೆಗೆದುಕೊಳ್ಳಲಿ, ಅದು ಬೇರೆ ಮಾತು. ಬೀಳದಿರಲಿ ಎಂದು ದೊಡ್ಡ ಪ್ರಮಾಣ ಕೊಟ್ಟಾಗ ಆದದ್ದು ಉಲ್ಟಾ. 2010ರ ಆಸ್ಟ್ರೇಲಿಯಾ ಪ್ರಯೋಗದಲ್ಲಿ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಪಡೆದ ಹೆಂಗಸರು ಶೇ. 15ರಷ್ಟು ಹೆಚ್ಚು ಬಿದ್ದರು. 2016ರ ಜ್ಯೂರಿಕ್ ಪ್ರಯೋಗದಲ್ಲಿ ತಿಂಗಳಿಗೆ 60,000 ಯೂನಿಟ್, ಅಂದರೆ ನಮ್ಮಲ್ಲಿ ಸಿಗುವ ಒಂದು ಪೊಟ್ಟಣದಷ್ಟು, ಪಡೆದವರಲ್ಲಿ ವರ್ಷದೊಳಗೆ ಶೇ. 67 ಜನ ಬಿದ್ದರೆ, 24,000 ಯೂನಿಟ್ ಪಡೆದವರಲ್ಲಿ ಶೇ. 48.

ಬೈಫೋಕಲ್ ಕನ್ನಡಕದಿಂದ ಮೆಟ್ಟಿಲಿಳಿಯುವಾಗ ತಡವರಿಸುತ್ತದೆ. (ಪಿಂಪ್ರಿ)

ಕೆಳಗಿನ ಭಾಗ ಓದುವ ದೂರಕ್ಕೆ ಹೊಂದಿಸಿದ್ದು. ಅದರ ಮೂಲಕ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಹೊರಗೆ ಹೆಚ್ಚು ಓಡಾಡುವವರಾದರೆ ದೂರದ ನೋಟಕ್ಕೆ ಮಾತ್ರ ಇನ್ನೊಂದು ಕನ್ನಡಕ ಮಾಡಿಸಿಕೊಳ್ಳಿ. ಮನೆಬಿಟ್ಟು ಹೋಗುವುದೇ ಅಪರೂಪವಾದರೆ ಎರಡು ಕನ್ನಡಕ ಗೊಂದಲಕ್ಕೆ ದಾರಿ, ಇರುವುದರಲ್ಲೇ ಗದ್ದ ಬಗ್ಗಿಸಿ ಮೇಲಿನ ಭಾಗದಿಂದ ನೋಡಿ. ಪೊರೆ ಇದ್ದರೆ ಶಸ್ತ್ರಚಿಕಿತ್ಸೆ ಮುಂದೂಡಬೇಡಿ. ಮೊದಲ ಕಣ್ಣಿನ ಪೊರೆ ತೆಗೆಸಿದ ಮೇಲೆ ಬೀಳುವುದು ಇಳಿದದ್ದು ಬ್ರಿಟನ್ನಿನ ಪ್ರಯೋಗದಲ್ಲಿ ಕಂಡಿದೆ.

ಬಲ ಮಂಡಿ ನೋವು, ವಯಸ್ಸು 72. ಕೋಲು ಯಾವ ಕೈಯಲ್ಲಿ? ಲೋಕಲ್‌ನಲ್ಲಿ ಹೋಗಬಹುದೇ? (ವಸಯಿ)

ಎಡಗೈಯಲ್ಲಿ. ನೋವಿನ ಕಾಲು ಮುಂದಿಡುವಾಗಲೇ ಕೋಲೂ ಮುಂದೆ ಹೋಗಬೇಕು. ಚಪ್ಪಲಿ ಹಾಕಿ, ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರುತ್ತದೆ. ಉದ್ದ ಹೆಚ್ಚಾದರೆ ಭುಜ ಎತ್ತುತ್ತೀರಿ, ಕಡಿಮೆಯಾದರೆ ಬಗ್ಗುತ್ತೀರಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ತುದಿಯ ರಬ್ಬರ್ ಬುಶ್ ತಿರುಗಿಸಿ ನೋಡಿ. ಉಂಗುರದಂಥ ಗೆರೆಗಳು ಸವೆದು ನುಣುಪಾಗಿದ್ದರೆ ಮಳೆಗಾಲದ ಪ್ಲಾಟ್‌ಫಾರಂ ಮೇಲೆ ಅದು ಜಾರುಬಂಡೆ. ಹೊಸದಕ್ಕೆ ಹೆಚ್ಚು ಖರ್ಚಿಲ್ಲ. ಹಿಂದೆ ಪಟ್ಟಿಯಿಲ್ಲದ ಹವಾಯಿ ಚಪ್ಪಲಿ ಬೇಡ.

ಲೋಕಲ್‌ಗೆ ಗರ್ದಿಯಿಲ್ಲದ ಹೊತ್ತು ನೋಡಿ ಹೋಗಿ. ಮುಂಬಯಿಯವರಿಗೆ ಒಂದು ಸ್ಟೇಷನ್ ಮೊದಲೇ ಎದ್ದು ಬಾಗಿಲಲ್ಲಿ ನಿಲ್ಲುವ ಚಾಳಿ. ಬ್ರೇಕ್ ಹಾಕುವಾಗ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚೀಲ ಇದ್ದರೆ ಹಿಡಿಯಲು ಕೈಯೇ ಇರದು. ಚೀಲ ಬೆನ್ನಿಗೆ ಹಾಕಿ, ಸೀಟಿನ ಅಂಚು ಹಿಡಿದೇ ಮುಂದೆ ಸರಿಯಿರಿ. ನಿಂತ ಮೇಲೆ ಕಂಬ ಹಿಡಿಯಿರಿ.

ಕೋಲು, ವಾಕರ್ ಸರಿಯಾಗಿ ಅಳೆದು ಕೊಡಿಸಲು ಹಾಜಿ ಅಲಿಯಲ್ಲಿ 1955ರಿಂದ ಇರುವ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆಗೆ ಹೋಗಬಹುದು.

ಅಜ್ಜಿ ಬಿದ್ದಾಗ ಅಕ್ಕಪಕ್ಕದವರೆಲ್ಲ ಸೇರಿ ರಟ್ಟೆ ಹಿಡಿದು ಎತ್ತುತ್ತೇವೆ. ಇದು ಸರಿಯೇ? (ವಾಸ್ಕೊ)

ಸರಿಯಲ್ಲ. ರಟ್ಟೆ ಎಳೆದರೆ ಭುಜದ ಕೀಲು ತಪ್ಪಬಹುದು, ಎತ್ತಿದವರ ಸೊಂಟವೂ ಹೋಗುತ್ತದೆ. ಮೊದಲು ಹಾಗೇ ಮಲಗಿರಲಿ, ಒಂದು ನಿಮಿಷ ಮಾತಾಡಿಸಿ. ತೊಡೆಸಂದಿಯಲ್ಲಿ ನೋವು, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದೆ, ಕುತ್ತಿಗೆ ನೋವು, ಎಚ್ಚರ ತಪ್ಪಿತ್ತು, ಮಾತು ತೊದಲುತ್ತಿದೆ: ಇವುಗಳಲ್ಲಿ ಒಂದಿದ್ದರೂ ಎಬ್ಬಿಸಬೇಡಿ, 108ಕ್ಕೆ ಫೋನ್ ಮಾಡಿ. ಗೋವೆಯಲ್ಲೂ ಮಹಾರಾಷ್ಟ್ರದಲ್ಲೂ ಅದೇ ನಂಬರ್. ಬೆಚ್ಚಗೆ ಹೊದಿಸಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ತಿನ್ನಲು ಕೊಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಪೆಟ್ಟು ಮಾಡಿಕೊಂಡರೆ, ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ತೊಡೆಮೂಳೆ ಮುರಿದಿದ್ದರೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆಗುವುದು ಒಳ್ಳೆಯದು. ಎಣ್ಣೆ ನೀವಿಸಿ ನೋಡೋಣ ಎಂದು ವಾರ ಕಳೆಯಬೇಡಿ.

ಇವೇನೂ ಇಲ್ಲದಿದ್ದರೆ ಅಜ್ಜಿಯೇ ಏಳಲಿ, ನೀವು ಹೇಳಿಕೊಡಿ. ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ನಾಲ್ಕು ಕಾಲಿನ ಮೇಲೆ ಬರುವುದು. ಮಂಡಿಯಡಿ ಮಡಿಚಿದ ಚಾದರ ಹಾಕಿ. ಗಟ್ಟಿ ಕುರ್ಚಿಯ ತನಕ ಅಂಬೆಗಾಲು. ಎರಡೂ ಕೈ ಕುರ್ಚಿಯ ಮೇಲೆ, ಬಲವಿರುವ ಕಾಲಿನ ಪಾದ ಮುಂದೆ ಊರಿ, ಒತ್ತಿ ಎದ್ದು, ತಿರುಗಿ ಕೂರುವುದು. ಇನ್ನೊಂದು ಕುರ್ಚಿಯನ್ನು ಹಿಂದೆ ತಂದಿಟ್ಟರೆ ತಿರುಗುವ ಕಷ್ಟವೂ ಇಲ್ಲ. ಬೀಳದ ದಿನವೇ ಹಾಸಿಗೆಯ ಪಕ್ಕ ಇದನ್ನು ಅಭ್ಯಾಸ ಮಾಡಿಸಿ. 1981ರ ಬ್ರಿಟಿಷ್ ಅಧ್ಯಯನವೊಂದರಲ್ಲಿ ಬಿದ್ದು ಒಂದು ಗಂಟೆಗಿಂತ ಹೆಚ್ಚು ನೆಲದಲ್ಲೇ ಉಳಿದವರಲ್ಲಿ ಅರ್ಧ ಜನ ಆರು ತಿಂಗಳೊಳಗೆ ತೀರಿಕೊಂಡಿದ್ದರು. ಗಾಯ ಇಲ್ಲದವರೂ ಅವರಲ್ಲಿದ್ದರು. ಹಗಲು ಒಬ್ಬರೇ ಇರುವುದಾದರೆ ಮೊಬೈಲನ್ನು ಮೇಜಿನ ಮೇಲಲ್ಲ, ಕೊರಳಿಗೆ ದಾರದಲ್ಲಿ ಹಾಕಿ.

ನಮ್ಮ ಕನ್ನಡ ಸಂಘದಲ್ಲಿ ಹಿರಿಯರಿಗೆ ಒಂದು ತರಗತಿ ಮಾಡೋಣವೆಂದಿದ್ದೇವೆ. ಒಂದು ದಿನದ ತಪಾಸಣಾ ಶಿಬಿರ ಸಾಕೇ? (ಠಾಣೆ)

ಶಿಬಿರ ಮಾಡಿ ಚೀಟಿ ಕೊಟ್ಟು ಕಳಿಸುವುದಾದರೆ ಹಾಲ್ ಬಾಡಿಗೆ ಉಳಿಸಿ. 2020ರಲ್ಲಿ ಪ್ರಕಟವಾದ ಅಮೆರಿಕದ ಸ್ಟ್ರೈಡ್ ಪ್ರಯೋಗದಲ್ಲಿ 70 ದಾಟಿದ 5,451 ಜನರಿದ್ದರು. ಒಂದು ಗುಂಪಿಗೆ ನರ್ಸುಗಳು ಅಪಾಯ ಅಳೆದು ಸಲಹೆ ಕೊಟ್ಟು ಬೆನ್ನುಹತ್ತಿದರೂ, ಗಂಭೀರ ಗಾಯ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಕೆಲಸ ಮಾಡುವುದು ವಾರವಾರ ನಡೆಯುವ ತರಗತಿ.

ಒಟ್ಟು ವಾರಕ್ಕೆ ಮೂರು ಗಂಟೆ ಗುರಿ: ಸಂಘದಲ್ಲಿ ಎರಡು ಸಲ ಒಂದೊಂದು ಗಂಟೆ, ಉಳಿದದ್ದು ಮನೆಯಲ್ಲಿ. ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ, ನಾಲ್ಕು ಜನಕ್ಕೆ ಒಬ್ಬ ಸಹಾಯಕ. ಪ್ಲಾಸ್ಟಿಕ್ ಕುರ್ಚಿ ಬೇಡ, ಕಬ್ಬಿಣದ್ದಿರಲಿ, ಗೋಡೆಗೆ ಒತ್ತಿರಲಿ. ನೆಲಕ್ಕೆ ಬಣ್ಣದ ಟೇಪಿನಿಂದ ಒಂದು ನೇರ ಗೆರೆ, ಒಂದು ಎಂಟರ ಆಕಾರ. ಮೊದಲ ದಿನ ಎಲ್ಲರಿಗೂ ಡೊಂಬಿವಲಿಯ ಉತ್ತರದಲ್ಲಿ ಹೇಳಿದ ಕುರ್ಚಿ ಪರೀಕ್ಷೆ. ಜೊತೆಗೆ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರುವ ಸಮಯ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದವರ ಪಕ್ಕ ಸಹಾಯಕ ಸದಾ ಇರಲಿ. ಈಚೆಗೆ ಎಚ್ಚರ ತಪ್ಪಿದವರು, ಎದೆನೋವು ಇರುವವರು ವೈದ್ಯರ ಚೀಟಿ ತಂದ ಮೇಲೆಯೇ ಸೇರಲಿ.

ಆರನೇ ವಾರದ ಹೊತ್ತಿಗೆ ನಡಿಗೆಯ ಜೊತೆ ಮಾತು ಸೇರಿಸಿ. 1997ರ ಸ್ವೀಡನ್ ಅಧ್ಯಯನದಲ್ಲಿ, ನಡೆಯುವಾಗ ಮಾತಾಡಿಸಿದರೆ ನಿಂತುಬಿಡುತ್ತಿದ್ದ 12 ಜನರಲ್ಲಿ 10 ಜನ ಮುಂದಿನ ಆರು ತಿಂಗಳಲ್ಲಿ ಬಿದ್ದಿದ್ದರು. ಎರಡು ಕೆಲಸ ಒಟ್ಟಿಗೆ ಮಾಡುವ ಶಕ್ತಿ ಕುಗ್ಗಿದ್ದರ ಗುರುತು ಅದು. ಪಕ್ಕಕ್ಕೆ ನಡೆಯುತ್ತಾ ನೂರರಿಂದ ಮೂರು ಮೂರು ಕಳೆಯಲಿ. ಲೆಕ್ಕ ಬೇಸರವಾದರೆ ಮಂಗಳೂರಿನಿಂದ ಮಡಗಾಂವ್‌ವರೆಗಿನ ರೈಲು ಸ್ಟೇಷನ್ನುಗಳ ಹೆಸರು ಹೇಳಲಿ. ಉಡುಪಿ ಬಂದೊಡನೆ ಜಗಳ ಶುರುವಾಗುತ್ತದೆ, ಹೆಜ್ಜೆ ಮಾತ್ರ ನಿಲ್ಲದಿರಲಿ.

ಎಲ್ಲರ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಬಿದ್ದ ದಿನಕ್ಕೆ ಗುರುತು ಹಾಕಿಸಿ, ತಿಂಗಳ ಕೊನೆಗೆ ಕೇಳಿ ಬರೆದುಕೊಳ್ಳಿ. ನೆನಪಿನಿಂದ ಕೇಳಿದರೆ ಯಾರೂ ಬಿದ್ದೇ ಇರುವುದಿಲ್ಲ. ಮೂರು ತಿಂಗಳಿಗೊಮ್ಮೆ ಎರಡೂ ಪರೀಕ್ಷೆ ಮತ್ತೆ ಮಾಡಿ. ಸತತ ಎರಡು ತರಗತಿಗೆ ಬಾರದವರಿಗೆ ಫೋನ್ ಮಾಡುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಬಿದ್ದವರು ಮನೆಯವರಿಗೂ ಹೇಳದೆ ಸುಮ್ಮನೆ ಬರುವುದು ಬಿಡುತ್ತಾರೆ.